ಸೂಜಿ ಹಾಕಿ ನೋಡಿದ ಮೇಲೂ ಗಂಟು ಯಾಕೆ ತೆಗೆಯಬೇಕು?

ನಾನು ಹಾಸನದಲ್ಲಿ ಪೆಥಾಲಜಿಸ್ಟ್, ಅಂದರೆ ಮೈಯಿಂದ ತೆಗೆದ ಮಾದರಿಗಳನ್ನು ಪರೀಕ್ಷಿಸಿ ರಿಪೋರ್ಟು ಬರೆಯುವ ವೈದ್ಯೆ. ಮದುವೆ ಮನೆ ಊಟದ ಪಂಕ್ತಿಯಲ್ಲೂ ನನ್ನನ್ನು ಬಿಡದ ಪ್ರಶ್ನೆ ಒಂದಿದೆ. "ಮೇಡಂ, ಮಗಳ ಕುತ್ತಿಗೆ ಗಂಟಿಗೆ ಸೂಜಿ ಹಾಕಿ ನೋಡಿದ್ರು, ಕ್ಯಾನ್ಸರ್ ಏನೂ ಕಾಣ್ತಿಲ್ಲ ಅಂತ ಬಂತು. ಈಗ ಗಂಟನ್ನೇ ತೆಗೀಬೇಕು ಅಂತಾರೆ. ಸುಮ್ನೆ ದುಡ್ಡಿಗಾ?"

ಎಲ್ಲ ಗಂಟನ್ನೂ ತೆಗೆಯಬೇಕಿಲ್ಲ. ಇಲ್ಲಿ ಗಂಟು ಅಂದರೆ ಊದಿದ ದುಗ್ಧಗ್ರಂಥಿ (ಲಿಂಫ್ ನೋಡ್), ಸೋಂಕನ್ನು ತಡೆಯುವ ಗ್ರಂಥಿ. ನಮ್ಮ ಮೈಯಲ್ಲಿ ಇಂಥವು ನೂರಾರು ಇವೆ. ಗಂಟಲು ಕೆಟ್ಟರೆ, ಹಲ್ಲು ಹುಳುಕಾದರೆ, ತಲೆಯಲ್ಲಿ ಹುಣ್ಣಾದರೆ ಊದುತ್ತವೆ, ಆಮೇಲೆ ತಾವೇ ಇಳಿಯುತ್ತವೆ. ನಾಲ್ಕಾರು ವಾರ ಕಳೆದರೂ ಇಳಿಯದ ಗಂಟು, ಬೆಳೆಯುತ್ತಲೇ ಇರುವ ಗಂಟು, ಕಾಲರ್ ಮೂಳೆಯ ಮೇಲೆ ಬಂದ ಗಂಟು, ಜೊತೆಗೆ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು ಇದ್ದರೆ ಮಾತು ಬೇರೆ. ಅಲ್ಲೂ ಮೊದಲು ಸೂಜಿಯೇ. ನಮ್ಮ ಕಡೆ ಇಂಥ ಗಂಟಿನಲ್ಲಿ ಟಿಬಿ ಜಾಸ್ತಿ. ಸೂಜಿಯಲ್ಲಿ ಎಳೆದ ಕೀವನ್ನು ಟಿಬಿ ರೋಗಾಣು ಪತ್ತೆ ಮಾಡುವ ಸಿಬಿನಾಟ್ ಯಂತ್ರಕ್ಕೆ ಹಾಕಿದರೆ ಎಷ್ಟೋ ಸಲ ಅಲ್ಲಿಗೇ ಉತ್ತರ ಸಿಗುತ್ತದೆ.

ಸಿಗದಿದ್ದಾಗ ಏನು? ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶಗಳು. ಒಂದು ಹಿಡಿ ಕಾಫಿ ಬೀಜ ತೋರಿಸಿ, ತೋಟದಲ್ಲಿ ಸಾಲು ಹೇಗಿದೆ, ನೆರಳು ಎಷ್ಟಿದೆ ಹೇಳಿ ಅಂದರೆ ಯಾವ ಬೆಳೆಗಾರರೂ ಹೇಳಲಾರರು. ಅಪರೂಪದ ಕಾಯಿಲೆಗಳಲ್ಲಿ ನಮಗೆ ಬೇಕಾದ್ದು ಆ ಸಾಲು, ಆ ಜೋಡಣೆ. ಅದು ಇಡೀ ಗಂಟನ್ನು ಕೊಯ್ದು ನೋಡಿದರೆ ಮಾತ್ರ ಸರಿಯಾಗಿ ಕಾಣುತ್ತದೆ.

ಕ್ಯಾಸಲ್‌ಮನ್ ಕಾಯಿಲೆಯನ್ನೇ ತಗೊಳ್ಳಿ. ಬಾಸ್ಟನ್ನಿನ ಪೆಥಾಲಜಿಸ್ಟ್ ಬೆಂಜಮಿನ್ ಕ್ಯಾಸಲ್‌ಮನ್ 1950ರ ದಶಕದಲ್ಲಿ ಗುರುತಿಸಿದ್ದು. ಸೂಜಿಯಲ್ಲಿ ಇದು ಸಾಧಾರಣ ಊತದ ಹಾಗೇ ಕಾಣುತ್ತದೆ, ಹಾಗಾಗಿ ರಿಪೋರ್ಟು "ತೊಂದರೆ ಇಲ್ಲ" ಅಂತಲೇ ಬರಬಹುದು. ಒಂದೇ ಜಾಗದಲ್ಲಿದ್ದರೆ ಆ ಗಂಟು ತೆಗೆಯೋದೇ ಚಿಕಿತ್ಸೆ, ಸಾಮಾನ್ಯವಾಗಿ ಅಲ್ಲಿಗೆ ಮುಗೀತು. ಮೈಯೆಲ್ಲ ಹರಡಿದ ಬಗೆ ಬೇರೆಯೇ ಕಥೆ: ಜ್ವರ, ರಕ್ತ ಕಡಿಮೆಯಾಗೋದು, ಮೈಯಲ್ಲಿ ನೀರು ತುಂಬೋದು, ಕಿಡ್ನಿ ಸೋಲೋದು. ಎಚ್‌ಐವಿ ಮತ್ತು ಎಚ್‌ಎಚ್‌ವಿ-8 ಅನ್ನುವ ವೈರಸ್ ಇವೆಯಾ ಅಂತ ನೋಡಲೇಬೇಕು, ಯಾಕಂದರೆ ಔಷಧಿ ಅದರ ಮೇಲೆ ನಿಂತಿದೆ. ವೈರಸ್ ಇಲ್ಲದ ಎಷ್ಟೋ ಜನರಲ್ಲಿ ಐಎಲ್-6 ಅನ್ನುವ ಪ್ರೋಟೀನಿನ ಆರ್ಭಟ. ಅದನ್ನು ತಡೆಯುವ ಸಿಲ್ಟುಕ್ಸಿಮಾಬ್‌ಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. ಅದೂ ಕೆಲಸ ಮಾಡದೇ ಹೋದವರಿದ್ದಾರೆ. ಡೇವಿಡ್ ಫೈಗನ್‌ಬಾಮ್ ಅನ್ನುವ ವೈದ್ಯರಿಗೆ ಓದುವಾಗಲೇ ಈ ಕಾಯಿಲೆ ಬಂತು. ತನ್ನದೇ ರಕ್ತದ ಮಾದರಿಗಳನ್ನು ಕೆದಕಿ ನೋಡಿ, ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಸಿರೋಲಿಮಸ್ ಮಾತ್ರೆಯನ್ನು ತನ್ನ ಮೇಲೇ ಪ್ರಯೋಗಿಸಿ ಬದುಕುಳಿದರು.

ಇನ್ನೊಂದು, ಕಿಕುಚಿ ಕಾಯಿಲೆ. 1972ರಲ್ಲಿ ಜಪಾನಿನಲ್ಲಿ ಕಿಕುಚಿ, ಫುಜಿಮೊಟೊ ಬೇರೆ ಬೇರೆಯಾಗಿ ವರದಿ ಮಾಡಿದರು. ಹೆಚ್ಚಾಗಿ ಹರೆಯದ ಹೆಣ್ಣುಮಕ್ಕಳಲ್ಲಿ, ಕುತ್ತಿಗೆ ಗಂಟು, ಬಿಡದ ಜ್ವರ. ನೋಡಿದವರಿಗೆ ಟಿಬಿ ಅನ್ನಿಸುತ್ತದೆ, ಇಲ್ಲ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್ ಅನ್ನಿಸುತ್ತದೆ. ಆದರೆ ಇದು ಕೆಲವು ತಿಂಗಳಲ್ಲಿ ತಾನೇ ವಾಸಿಯಾಗುವ ಕಾಯಿಲೆ! ಜ್ವರ, ನೋವಿಗೆ ಮಾತ್ರೆ ಸಾಕು ಹೆಚ್ಚಿನವರಿಗೆ. ಕೆಲವರಿಗೆ ಮುಂದೆ ಲೂಪಸ್ (ಮೈಯ ರಕ್ಷಣಾ ವ್ಯವಸ್ಥೆ ಮೈಯ ಮೇಲೇ ತಿರುಗಿ ಬೀಳುವ ಕಾಯಿಲೆ) ಕಾಣಿಸಿಕೊಳ್ಳಬಹುದು, ಅದಕ್ಕೆ ಎಎನ್‌ಎ ಅನ್ನುವ ರಕ್ತಪರೀಕ್ಷೆ ಮಾಡಿಸಿ, ಆಗಾಗ ತೋರಿಸುತ್ತಿರಬೇಕು. ಗಂಟು ತೆಗೆಯದೆ, ಅಂದಾಜಿನ ಮೇಲೆ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದರೆ ಆ ಹುಡುಗಿಗೆ ಆದ ನಷ್ಟ ಯಾರ ಲೆಕ್ಕಕ್ಕೆ? (ಇದರ ಚಿಕ್ಕ ಹೆಸರೂ ಕೆಎಫ್‌ಡಿ, ಮಂಗನ ಕಾಯಿಲೆಯದ್ದೂ ಕೆಎಫ್‌ಡಿ. ಚಿಕ್ಕಮಗಳೂರು ಕಡೆಗೆ ಹೋಗುವ ರಿಪೋರ್ಟಿನಲ್ಲಿ ಪೂರ್ತಿ ಹೆಸರೇ ಬರೆಯುತ್ತೇನೆ, ಸುಮ್ನೆ ಊರೆಲ್ಲ ಗಾಬರಿ ಯಾಕೆ.)

ಅಂದಾಜಿನ ಟಿಬಿ ಮಾತ್ರೆಗಿಂತ ನನಗೆ ಜಾಸ್ತಿ ಸಿಟ್ಟು ಬರಿಸೋದು ಸ್ಟೀರಾಯ್ಡ್. ಒಂದು ವಾರ ಕೊಟ್ಟರೆ ಗಂಟು ಕರಗುತ್ತದೆ, ಜ್ವರ ಬಿಡುತ್ತದೆ, ಮನೆಯವರಿಗೆಲ್ಲ ಖುಷಿ. ಒಳಗೆ ಲಿಂಫೋಮಾ ಇದ್ದರೆ ಅದೂ ಸ್ವಲ್ಪ ದಿನ ಕುಗ್ಗಿ, ಆಮೇಲೆ ಬಯಾಪ್ಸಿ (ಗಂಟು ತೆಗೆದು ಪರೀಕ್ಷಿಸೋದು) ಮಾಡಿದರೂ ನಮಗೆ ಸತ್ತ ಕೋಶಗಳಷ್ಟೇ ಸಿಗಬಹುದು. ಜೀವಕ್ಕೆ ತುರ್ತು ಇಲ್ಲದಿದ್ದರೆ ಮೊದಲು ಬಯಾಪ್ಸಿ, ಆಮೇಲೆ ಸ್ಟೀರಾಯ್ಡ್.

"ಕತ್ತಿ ತಾಗಿದರೆ ಹರಡುತ್ತಂತೆ" ಅನ್ನೋ ಮಾತಂತೂ ಹಳ್ಳಿ, ಪೇಟೆ ಎರಡೂ ಕಡೆ ಇದೆ. ಗಂಟು ತೆಗೆದ ಮಾತ್ರಕ್ಕೆ ಲಿಂಫೋಮಾ ಹರಡುವುದಿಲ್ಲ. ಕುತ್ತಿಗೆಯಲ್ಲಿ ಚರ್ಮದ ಕೆಳಗೇ ಇರುವ ಗಂಟಾದರೆ ಎಷ್ಟೋ ಸಲ ಅಲ್ಲಿಗಷ್ಟೇ ಮರಗಟ್ಟಿಸಿ ತೆಗೆಯಬಹುದು.

ಯಾವ ಗಂಟು ತೆಗೆಯಬೇಕು ಅನ್ನೋದೂ ಮುಖ್ಯ. ಸುಲಭವಾಗಿ ಕೈಗೆ ಸಿಗುತ್ತದೆ ಅಂತ ತೊಡೆಸಂದಿನ ಗಂಟು ಕಳಿಸುವವರಿದ್ದಾರೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಕೆಲಸ ಮಾಡುವವರ ಕಾಲು ನೋಡಿದ್ದೀರಲ್ವಾ? ಇಂಬಳ ಕಚ್ಚಿದ್ದು, ಮುಳ್ಳು ಚುಚ್ಚಿದ್ದು, ಬೆರಳ ಸಂದಿ ಒಡೆದದ್ದು. ಅವರ ತೊಡೆಸಂದಿನ ಗಂಟು ವರ್ಷವಿಡೀ ಸ್ವಲ್ಪ ಊದಿಕೊಂಡೇ ಇರುತ್ತದೆ, ಅದರಿಂದ ನಮಗೆ ಏನೂ ತಿಳಿಯೋದಿಲ್ಲ. ಕುತ್ತಿಗೆಯಲ್ಲೂ ಇದ್ದರೆ ಅದನ್ನೇ ಕೊಡಿ. ಮತ್ತೆ, ತೆಗೆದದ್ದನ್ನೆಲ್ಲ ಫಾರ್ಮಲಿನ್ (ಮಾದರಿ ಕೆಡದಂತೆ ಇಡುವ, ರೋಗಾಣುಗಳನ್ನೂ ಕೊಲ್ಲುವ ದ್ರವ) ಬಾಟಲಿಗೆ ಹಾಕಬಾರದು. ಒಂದು ಚೂರು ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಬೇರೆ ಬರಬೇಕು, ಇಲ್ಲದಿದ್ದರೆ ಟಿಬಿ ಕಲ್ಚರ್, ಅಂದರೆ ರೋಗಾಣು ಬೆಳೆಸಿ ನೋಡೋದು, ಮಾಡೋಕಾಗಲ್ಲ. ಆಪರೇಷನ್‌ಗೆ ಮುಂಚೆ ಸರ್ಜನ್ ಹತ್ತಿರ ಇದನ್ನು ನೀವೇ ಒಂದು ಮಾತು ಕೇಳಬಹುದು, ತಪ್ಪೇನಿಲ್ಲ.

ರಿಪೋರ್ಟು ತಡವಾದರೆ ಬಯ್ಯಬೇಡಿ. ವಿಶೇಷ ಬಣ್ಣ ಹಾಕಿ ನೋಡುವ ಐಎಚ್‌ಸಿ ಪರೀಕ್ಷೆಗೆ ಎಷ್ಟೋ ಸಲ ಬ್ಲಾಕು ಬೆಂಗಳೂರಿಗೆ ಹೋಗಿ ಬರಬೇಕು. ಬ್ಲಾಕ್ ಅಂದರೆ ನಿಮ್ಮ ಗಂಟಿನ ತುಂಡನ್ನು ಮೇಣದಲ್ಲಿ ಕೂರಿಸಿದ್ದು, ಸರಿಯಾಗಿಟ್ಟರೆ ವರ್ಷಗಟ್ಟಲೆ ಕೆಡಲ್ಲ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಮತ್ತೆ ಕೊಯ್ಯಿಸಿಕೊಳ್ಳೋದು ಬೇಡ, ಲ್ಯಾಬಿನಲ್ಲಿ ಬ್ಲಾಕು, ಸ್ಲೈಡು ಕೇಳಿ ಸಹಿ ಹಾಕಿ ತಗೊಂಡು ಹೋಗಿ. ದಾರಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮೇಣ ಕರಗುತ್ತದೆ.