ಎಲ್ಲಕ್ಕಿಂತ ದೊಡ್ಡ ಪಡೆ ಯಾವುದು? ನನ್ನ ಉತ್ತರ: ವಾಗಣಗೇರಾ

ಯಾದಗಿರಿ ಜಿಲ್ಲೆಯಲ್ಲಿ ಇತಿಹಾಸ ಪಾಠ ಮಾಡುವವನಿಗೆ ತಪ್ಪದೆ ಬರುವ ಪ್ರಶ್ನೆ ಒಂದಿದೆ. "ಸರ್, ಇಡೀ ಜಗತ್ತಿನಾಗ ಎಲ್ಲಕ್ಕಿಂತ ಜಬರ್ದಸ್ತ್ ಪಡೆ ಯಾವ್ದ್ರಿ?" ಕೇಳುವವರು ಬಹುತೇಕ ಸೈನ್ಯಕ್ಕೆ ಸೇರಬೇಕು ಅಂತ ಬೆಳಿಗ್ಗೆ ಎದ್ದು ಮೈದಾನದಲ್ಲಿ ಓಡುವ ಹುಡುಗರು. ಭರ್ತಿಯ ದಿನ ಹತ್ತಿರ ಬಂದಂತೆ ಈ ಪ್ರಶ್ನೆ ಜಾಸ್ತಿ ಆಗುತ್ತದೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಕೇಳುವಾಗಲೇ ಎಲ್ಲರ ಮನಸ್ಸಿನಲ್ಲೂ ಒಂದು ಉತ್ತರ ಇರುತ್ತದೆ. ಸ್ಪಾರ್ಟಾದ ಮುನ್ನೂರು ಮಂದಿ, ಮಂಗೋಲರ ಕುದುರೆ ಸವಾರರು, ಗೂರ್ಖಾಗಳು, ಇಲ್ಲವೇ ನಮ್ಮ ಪ್ಯಾರಾ ಕಮಾಂಡೋಗಳು.

ನಾನು ಹೇಳುವ ಹೆಸರು ಬೇರೆ. 1705ರಲ್ಲಿ ಔರಂಗಜೇಬನ ಎದುರು ವಾಗಣಗೇರಾ ಕೋಟೆ ಕಾಯ್ದ ಬೇಡರ ಬಂದೂಕು ಪಡೆ.

ವಾಗಣಗೇರಾ ಎಲ್ಲೋ ದೂರದ ಊರಲ್ಲ, ನಮ್ಮದೇ ಸುರಪುರ ತಾಲ್ಲೂಕು. ಹಾಗಾಗಿ ಕೆಲವರು "ಊರ ಅಭಿಮಾನ ಸರ್ ನಿಮಗೆ" ಅನ್ನುತ್ತಾರೆ. ಅಭಿಮಾನ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಅವರನ್ನು ಮೊದಲು ಇಡುವುದಕ್ಕೆ ಕಾರಣ ಅದಲ್ಲ. ಪಡೆಗಳನ್ನು ಮೆಚ್ಚುವಾಗ ನಾವು ಒಂದು ತಪ್ಪು ಮಾಡುತ್ತೇವೆ. ಕೊನೆಯ ಮನುಷ್ಯನವರೆಗೆ ಸತ್ತವರನ್ನೇ ಹುಡುಕುತ್ತೇವೆ. ಎಷ್ಟು ಜನ ಸತ್ತರು ಎನ್ನುವುದೇ ಶೌರ್ಯದ ಲೆಕ್ಕ ಆಗಿಬಿಡುತ್ತದೆ. ಏನನ್ನು ಉಳಿಸಿದರು ಅಂತ ಯಾರೂ ಕೇಳುವುದಿಲ್ಲ.

ಸ್ಪಾರ್ಟಾವನ್ನೇ ತೆಗೆದುಕೊಳ್ಳಿ. ಕ್ರಿಸ್ತಪೂರ್ವ 480ರಲ್ಲಿ ಥರ್ಮೋಪಿಲೆ ಕಣಿವೆಯಲ್ಲಿ ಪರ್ಷಿಯಾದ ಸೈನ್ಯವನ್ನು ತಡೆದು ಸತ್ತ ಮುನ್ನೂರು ಮಂದಿಯ ಕಥೆ ಎಲ್ಲರಿಗೂ ಗೊತ್ತು. ಕೊನೆಯ ದಿನ ಅವರ ಪಕ್ಕದಲ್ಲೇ ಥೆಸ್ಪಿಯೆ ಎಂಬ ಸಣ್ಣ ಊರಿನ ಏಳುನೂರು ಮಂದಿ ನಿಂತಿದ್ದರು. ಅವರೂ ಸತ್ತರು. ಅವರು ಚಿಕ್ಕಂದಿನಿಂದ ಬರೀ ಯುದ್ಧವನ್ನೇ ಕಲಿತವರಲ್ಲ, ಸಾಮಾನ್ಯ ಊರಿನ ಗಂಡಸರು. ಅವರ ಹೆಸರು ಯಾವ ಹುಡುಗನಿಗೂ ಗೊತ್ತಿಲ್ಲ. ಇನ್ನು ಸ್ಪಾರ್ಟಾದವರು ವರ್ಷವಿಡೀ ಕಸರತ್ತು ಮಾಡಿಕೊಂಡು ಇರಲು ಆಗುತ್ತಿದ್ದದ್ದು ಅವರ ಹೊಲವನ್ನು ಹೆಲಾಟರು ಎಂಬ ಜೀತದವರು ಉಳುತ್ತಿದ್ದರಿಂದ. ಆ ಜೀತದವರು ತಿರುಗಿಬೀಳದಂತೆ ಹೆದರಿಸಿ ಇಡುವುದೂ ಅದೇ ವೀರರ ಕೆಲಸವಾಗಿತ್ತು. ಇದೆಲ್ಲ ತಿಳಿದ ಮೇಲೆ ನನಗೆ ಅವರ ಮೇಲೆ ಮೊದಲಿನ ಮೋಹ ಉಳಿಯಲಿಲ್ಲ. ತುರ್ಕಿ ಸುಲ್ತಾನರ ಜಾನಿಸರಿ ಪಡೆಯೂ ಹಾಗೆಯೇ. ಶಿಸ್ತಿಗೆ ಹೆಸರಾದ ಪಡೆ ನಿಜ. ಆದರೆ ಕ್ರೈಸ್ತ ಮನೆಗಳಿಂದ ಚಿಕ್ಕ ಗಂಡುಮಕ್ಕಳನ್ನು ಎಳೆದುತಂದು ಕಟ್ಟಿದ ಪಡೆ ಅದು.

ಈಗ ವಾಗಣಗೇರಾಕ್ಕೆ ಬರೋಣ.

ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ಕೈಸೇರಿದವು. ಅದೇ 1687ರಲ್ಲಿ ಬೇಡ ನಾಯಕರ ಹಳೆಯ ನೆಲೆ ಸಗರವೂ ಹೋಯಿತು. ಶಹಾಪುರದ ಹತ್ತಿರ ಇದೆಯಲ್ಲ, ಅದೇ ಸಗರ. ದಖನ್ನಿನಲ್ಲಿ ದೊಡ್ಡ ಸುಲ್ತಾನರೇ ಉಳಿಯಲಿಲ್ಲ. ಉಳಿದದ್ದು ಬೇಡರ ದೊರೆ ಪಿಡ್ಡ ನಾಯಕ. ವಾಗಣಗೇರಾದಲ್ಲಿ ಕೋಟೆ ಬಲಪಡಿಸಿಕೊಂಡು, ಮೊಗಲರ ಪ್ರದೇಶದ ಮೇಲೆ ನುಗ್ಗುತ್ತಾ, ಮರಾಠರ ಜೊತೆ ಸ್ನೇಹ ಇಟ್ಟುಕೊಂಡು ಕೂತಿದ್ದ. ಬೇಡರು ಸಂತರೇನೂ ಅಲ್ಲ. ದಾರಿಯಲ್ಲಿ ಸಾಗುವ ಸರಕು ದೋಚುತ್ತಿದ್ದರು, ಹಳ್ಳಿಗಳಿಂದ ಹಣ ವಸೂಲಿ ಮಾಡುತ್ತಿದ್ದರು. ಆ ಕಾಲದ ಎಲ್ಲ ಪಾಳೆಯಗಾರರೂ ಮಾಡುತ್ತಿದ್ದ ಕೆಲಸ ಅದು. ಅದನ್ನು ಮುಚ್ಚಿಟ್ಟು ನಾನು ಪಾಠ ಮಾಡುವುದಿಲ್ಲ.

1705ರ ಫೆಬ್ರವರಿಯಲ್ಲಿ ಔರಂಗಜೇಬ ಖುದ್ದಾಗಿ ಬಂದ. ಆಗ ಅವನಿಗೆ 86 ವರ್ಷ. ಕಾಬೂಲಿನಿಂದ ದಖನ್ನಿನವರೆಗೆ ಆಳುವ ಬಾದಶಹ, ಯಾದಗಿರಿ ಸೀಮೆಯ ಒಂದು ಗುಡ್ಡದ ಕೋಟೆಗಾಗಿ ಅಷ್ಟು ದೊಡ್ಡ ಲಷ್ಕರ್ ಕಟ್ಟಿಕೊಂಡು ಬಂದು ಬಿಡಾರ ಹೂಡಿದ. ಕೆಲವೇ ದಿನದ ಕೆಲಸ ಅಂತ ಅವನ ಸರದಾರರು ಅಂದುಕೊಂಡಿರಬೇಕು.

ಬೇಡರ ಹೆಸರು ನಿಂತಿದ್ದದ್ದು ಬಂದೂಕಿನ ಗುರಿಯ ಮೇಲೆ. ಅದು ಬತ್ತಿಯಿಂದ ಹೊತ್ತಿಸುವ ಬಂದೂಕು. ನಳಿಕೆಗೆ ಮದ್ದು ಸುರಿಯಬೇಕು, ಸೀಸದ ಗುಂಡು ಹಾಕಬೇಕು, ಉದ್ದ ಕಡ್ಡಿಯಿಂದ ಒತ್ತಿ ಕೂರಿಸಬೇಕು. ಪಕ್ಕದ ಬಟ್ಟಲಿನಂಥ ಜಾಗಕ್ಕೆ ಚಿಟಿಕೆ ಮದ್ದು ಹಾಕಬೇಕು. ಹೊಗೆಯಾಡುವ ಬತ್ತಿಯ ತುದಿ ಊದಿ ಕೆಂಡ ಮಾಡಿಕೊಂಡು, ಆಮೇಲೆ ಗುರಿ. ಒಂದು ಗುಂಡು ಹಾರಿಸಿ ಇನ್ನೊಂದಕ್ಕೆ ಸಿದ್ಧ ಆಗುವಷ್ಟರಲ್ಲಿ ಎದುರಾಳಿ ಎಷ್ಟೋ ಹೆಜ್ಜೆ ಮುಂದೆ ಬಂದಿರುತ್ತಾನೆ. ಕೈ ನಡುಗಿದರೆ ಮದ್ದು ಚೆಲ್ಲಿಹೋಗುತ್ತದೆ. ಇಂಥ ಆಯುಧ ಹಿಡಿದು ಕಲ್ಲುಬಂಡೆಗಳ ಮರೆಯಲ್ಲಿ ಕೂತವನಿಗೆ ಬೇಕಾದದ್ದು ತಾಳ್ಮೆ. ಆ ತಾಳ್ಮೆ ಬೇಡರಿಗೆ ಬೇಟೆಯಿಂದ ಬಂದಿತ್ತು ಅಂತ ನನ್ನ ನಂಬಿಕೆ.

ಕೋಟೆಯ ಎದುರಿಗೆ ಒಂದು ದಿಬ್ಬ. ಮೊಗಲರು ಅದಕ್ಕೆ ಲಾಲ್ ಟೇಕ್ರಿ ಅನ್ನುತ್ತಿದ್ದರು. ಅದನ್ನು ಹಿಡಿದರೆ ಕೋಟೆಯ ಮೇಲೆ ಫಿರಂಗಿ ಹಾರಿಸುವುದು ಸುಲಭ. ಒಂದು ದಿನ ಹಿಡಿದೂ ಬಿಟ್ಟರು. ಆದರೆ ಅಲ್ಲಿ ಅವರು ಭದ್ರವಾಗಿ ನೆಲೆಯೂರುವ ಮೊದಲೇ ಬೇಡರು ಗುಂಪುಗುಂಪಾಗಿ ನುಗ್ಗಿ, ಗುಂಡು, ಕಲ್ಲು ಎರಡನ್ನೂ ಸುರಿಸಿ ಕೆಳಗಿಳಿಸಿದರು. ದಿನಗಳು ವಾರಗಳಾದವು. ಮಾರ್ಚ್ ಕೊನೆಗೆ ಧನಾಜಿ ಜಾಧವ್, ಹಿಂದೂರಾವ್ ಘೋರ್ಪಡೆ ಮರಾಠಾ ಸವಾರರ ಜೊತೆ ಬಂದರು. ಅವರಲ್ಲಿ ಹಲವರ ಹೆಂಡತಿ ಮಕ್ಕಳು ಇದೇ ಕೋಟೆಯಲ್ಲಿ ಆಶ್ರಯ ಪಡೆದಿದ್ದರು. ಎದುರುಗಡೆ ಕಾಳಗ ನಡೆಯುತ್ತಿರುವಾಗಲೇ ಹಿಂದಿನ ಬಾಗಿಲಿನಿಂದ ಆ ಕುಟುಂಬಗಳನ್ನು ದಾಟಿಸಿಬಿಟ್ಟರು.

ಈ ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ ಭಾಗ. ಮೂರು ಕಡೆ ಶತ್ರು. ಒಳಗೆ ಬೇರೆಯವರ ಹೆಂಗಸರು, ಮಕ್ಕಳು. ಅವರನ್ನು ಒತ್ತೆ ಇಟ್ಟು ಚೌಕಾಸಿ ಮಾಡಬಹುದಿತ್ತು, ಬಾದಶಹನಿಗೆ ಒಪ್ಪಿಸಿ ಮಾಫಿ ಕೇಳಬಹುದಿತ್ತು. ಮಾಡಲಿಲ್ಲ. ನಂಬಿ ಬಂದವರನ್ನು ಮೊದಲು ಸುರಕ್ಷಿತವಾಗಿ ಕಳಿಸಿ, ತಾವು ಉಳಿದರು.

ಆಮೇಲೆ ಪಿಡ್ಡ ನಾಯಕ ಸಂಧಿಯ ಮಾತು ಎತ್ತಿದ. ತನ್ನ ತಮ್ಮ ಸೋಮಶಂಕರನನ್ನು ಮೊಗಲರ ಬಿಡಾರಕ್ಕೆ ಕಳಿಸಿ ದಿನ ದೂಡಿದ. ಅಷ್ಟರಲ್ಲಿ ಬಾದಶಹ ತನ್ನ ಹೆಸರಾಂತ ಸೇನಾಪತಿ ಜುಲ್ಫಿಕರ್ ಖಾನನನ್ನು ಕರೆಸಿಕೊಂಡಿದ್ದ. ಜುಲ್ಫಿಕರ್ ಖಾನ್ ಬುದ್ಧಿವಂತ. ಅವನು ಹೋಗಿ ಹಿಡಿದದ್ದು ಬಾವಿಗಳನ್ನು. ನಮ್ಮ ಕಡೆ ಏಪ್ರಿಲ್ ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಅಲ್ವಾ? ಬೆಳಿಗ್ಗೆ ಹತ್ತಕ್ಕೇ ಬಂಡೆ ಕಾದಿರುತ್ತದೆ. ಗುಂಡಿಗೆ, ಫಿರಂಗಿಗೆ ಬಗ್ಗದ ಕೋಟೆ ನೀರಿಲ್ಲದೆ ನಿಲ್ಲುವುದಿಲ್ಲ. ಏಪ್ರಿಲ್ ಕೊನೆಯ ಒಂದು ರಾತ್ರಿ ಪಿಡ್ಡ ನಾಯಕ ತನ್ನವರನ್ನು ಕರೆದುಕೊಂಡು ಹಿಂದಿನ ದಾರಿಯಿಂದ ಹೊರಟುಹೋದ. ಮನೆಗಳಿಗೆ ಬೆಂಕಿ ಬಿದ್ದಿತ್ತು. ಮೊಗಲರು ಒಳಗೆ ಹೋದಾಗ ಸಿಕ್ಕಿದ್ದು ಖಾಲಿ ಕೋಟೆ.

"ಅಂದ್ರ ಓಡಿಹೋದ್ರಲ್ಲ ಸರ್?" ಹುಡುಗರು ಪ್ರತಿಸಲ ಇಲ್ಲೇ ಹಿಡಿಯುತ್ತಾರೆ. ಈ ಪ್ರಶ್ನೆ ನನಗೆ ಇಷ್ಟ. ಓಡಿಹೋಗುವುದು ಬೇರೆ, ಕೆಲಸ ಮುಗಿಸಿ ಹೊರಡುವುದು ಬೇರೆ. ಹೆದರಿ ಓಡುವವನು ಮೊದಲ ವಾರವೇ ಓಡುತ್ತಾನೆ. ಇವರು ಹತ್ತಿರ ಹತ್ತಿರ ಮೂರು ತಿಂಗಳು ನಿಂತರು. ಕುಟುಂಬಗಳನ್ನು ದಾಟಿಸಿದರು. ನೀರು ಮುಗಿಯುವವರೆಗೆ ಇದ್ದರು. ಆಮೇಲೆ ಸಾಮ್ರಾಜ್ಯದ ಲಷ್ಕರಿನ ಕಣ್ಣು ತಪ್ಪಿಸಿ, ರಾತ್ರಿ ಹೊತ್ತು, ಸಾಲು ಒಡೆಯದೆ ಹೊರಟರು. ಸೋತು ಹಿಂದೆ ಸರಿಯುವಾಗ ಪಡೆ ಚೆಲ್ಲಾಪಿಲ್ಲಿ ಆಗದಂತೆ ನೋಡಿಕೊಳ್ಳುವುದು ಮುನ್ನುಗ್ಗುವುದಕ್ಕಿಂತ ಕಷ್ಟ. ಸೈನ್ಯದಲ್ಲಿ ಇದ್ದು ಬಂದ ಯಾರನ್ನಾದರೂ ಕೇಳಿ ನೋಡಿ.

ಆಮೇಲೆ ಏನಾಯಿತು ನೋಡಿ. ಗೆದ್ದ ಬಾದಶಹ ಪಕ್ಕದ ದೇವಾಪುರದಲ್ಲಿ ಬಿಡಾರ ಹಾಕಿ, ಅಲ್ಲೇ ಕಾಯಿಲೆ ಬಿದ್ದ. ಅಕ್ಟೋಬರಿನಲ್ಲಿ ಅಲ್ಲಿಂದ ಹೊರಟವನು ಅಹಮದ್‌ನಗರ ಸೇರಿ 1707ರಲ್ಲಿ ತೀರಿಕೊಂಡ. ಅವನು ತಾನೇ ನಿಂತು ಮುತ್ತಿದ ಕೊನೆಯ ಕೋಟೆ ವಾಗಣಗೇರಾ. ಬೇಡ ನಾಯಕರು ಸುರಪುರವನ್ನು ರಾಜಧಾನಿ ಮಾಡಿಕೊಂಡು ಇನ್ನೂ ನೂರೈವತ್ತು ವರ್ಷ ಆಳಿದರು. ಆ ರಾತ್ರಿ ಎಲ್ಲರೂ ಕೋಟೆಯಲ್ಲೇ ಸತ್ತಿದ್ದರೆ ಒಂದು ಒಳ್ಳೆಯ ಲಾವಣಿ ಉಳಿಯುತ್ತಿತ್ತು, ಸುರಪುರ ಉಳಿಯುತ್ತಿರಲಿಲ್ಲ.

ಹಾಗಾದರೆ ಕೊನೆಯವರೆಗೂ ನಿಂತು ಸತ್ತವರು ದಡ್ಡರಾ? ಖಂಡಿತ ಅಲ್ಲ. ನನ್ನ ಎರಡನೇ ಹೆಸರು ಅಂಥವರದ್ದೇ. 1962ರ ಚೀನಾ ಯುದ್ಧ, ನವೆಂಬರ್ 18, ಲಡಾಖಿನ ರೆಜಾಂಗ್ ಲಾ. 13ನೇ ಕುಮಾವೂನ್ ಬಟಾಲಿಯನ್ನಿನ ಚಾರ್ಲಿ ಕಂಪನಿ. 16,000 ಅಡಿಗೂ ಮೇಲೆ, ಮೈ ಕೊರೆಯುವ ಚಳಿ. ನಡುವೆ ಬೆಟ್ಟ ಅಡ್ಡ ಇದ್ದದ್ದರಿಂದ ನಮ್ಮ ಫಿರಂಗಿಗಳ ನೆರವೂ ಅವರಿಗೆ ಸಿಗುವಂತಿರಲಿಲ್ಲ. ಕೈಯಲ್ಲಿ ಹಳೆಯ ಪಾಯಿಂಟ್ ತ್ರೀ ನಾಟ್ ತ್ರೀ ರೈಫಲು. ಹಿಂದೆ ಚುಶೂಲ್ ವಿಮಾನದಾಣ. ಅಲ್ಲಿ ಹಿಂದೆ ಸರಿದರೆ ಉಳಿಯುವುದು ಏನೂ ಇರಲಿಲ್ಲ, ಚುಶೂಲ್ ದಾರಿ ತೆರೆದುಕೊಳ್ಳುತ್ತಿತ್ತು. ಆದ್ದರಿಂದ ನಿಂತರು. ಸುಮಾರು 120 ಜನರಲ್ಲಿ ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಪ್ರಾಣ ಬಿಟ್ಟರು. ಗಾಯಗೊಂಡ ಮೇಜರ್ ಶೈತಾನ್ ಸಿಂಗ್ ತಮ್ಮನ್ನು ಹೊತ್ತೊಯ್ಯುತ್ತಿದ್ದವರಿಗೆ ನನ್ನನ್ನು ಇಲ್ಲೇ ಬಿಟ್ಟು ಹೋಗಿ ಅಂದರು. ಅವರಿಗೆ ಪರಮವೀರ ಚಕ್ರ ಬಂತು. ಮುಂದಿನ ವರ್ಷ ಶವಗಳು ಸಿಕ್ಕಾಗ ಎಷ್ಟೋ ಜವಾನರ ಕೈಯಲ್ಲಿ ಆಯುಧ ಹಾಗೆಯೇ ಇತ್ತು. ವೈದ್ಯಕೀಯ ಸಹಾಯಕನ ಕೈಯಲ್ಲಿ ಸಿರಿಂಜು, ಬ್ಯಾಂಡೇಜು ಇದ್ದವು. ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನನ್ನ ದನಿ ಕಟ್ಟುತ್ತದೆ. ಇಷ್ಟು ವರ್ಷ ಆದರೂ ಹಾಗೆಯೇ.

ಈ ಕುಮಾವೂನ್ ರೆಜಿಮೆಂಟಿಗೂ ನಮಗೂ ಒಂದು ನಂಟಿದೆ, ಇಲ್ಲಿಯ ಬಹಳ ಜನರಿಗೆ ಗೊತ್ತಿಲ್ಲ. 1945ರವರೆಗೆ ಅದರ ಹೆಸರು ಹೈದರಾಬಾದ್ ರೆಜಿಮೆಂಟ್. ಅದರ ಬೇರು ಇರುವುದು ನಿಜಾಮರ ಹೆಸರಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದಲ್ಲಿ. ಆ ಸೈನ್ಯದ ಒಂದು ಛಾವಣಿ ಲಿಂಗಸುಗೂರಿನಲ್ಲಿತ್ತು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದಾಗ ಸುರಪುರದ ಮೇಲೆ ಮೊದಲು ಬಂದದ್ದು ಲಿಂಗಸುಗೂರಿನ ಆ ಪಡೆಯೇ. ಬೇಡರು ಕಾದಾಡಿದರು, ಸುರಪುರ ಬಿತ್ತು, ರಾಜಾ ಸೆರೆಯಾಗಿ ಅದೇ ವರ್ಷ ತೀರಿಕೊಂಡ. 1860ರಲ್ಲಿ ಸಂಸ್ಥಾನವನ್ನು ನಿಜಾಮರಿಗೆ ಕೊಟ್ಟುಬಿಟ್ಟರು.

ಇದನ್ನು ಕೇಳಿದ ಮೇಲೆ ಒಬ್ಬ ಹುಡುಗ, "ಹಂಗಾದ್ರ ಇಬ್ಬರನ್ನೂ ಹೆಂಗ್ ಮೆಚ್ಚೂದ್ರಿ ಸರ್?" ಅಂದ. ನಾನು ಇಬ್ಬರನ್ನೂ ಮೆಚ್ಚುತ್ತೇನೆ. 1858ರಲ್ಲಿ ಬಂದ ಸಿಪಾಯಿಗೆ ಯಾರ ಮೇಲೆ ಗುಂಡು ಹಾರಿಸಬೇಕು ಅಂತ ತೀರ್ಮಾನಿಸಿದ್ದು ಬೇರೆ ದೇಶದ ಅಧಿಕಾರಿ. 1962ರ ಜವಾನ ಕಾಯುತ್ತಿದ್ದದ್ದು ತನ್ನ ದೇಶದ ಗುಡ್ಡ. ಹಳೆಯ ಸೈನ್ಯದ ತಪ್ಪನ್ನು ಅವನ ತಲೆಗೆ ಕಟ್ಟಲು ನಾನು ತಯಾರಿಲ್ಲ. ಈ ಸಲ ಭರ್ತಿಗೆ ಹೊರಟಿರುವ ಸುರಪುರ ಕಡೆಯ ಹುಡುಗರಲ್ಲಿ ಒಬ್ಬ ಕುಮಾವೂನ್ ರೆಜಿಮೆಂಟಿನ ಕಥೆಗಳನ್ನೇ ಹೆಚ್ಚಾಗಿ ಕೇಳುತ್ತಾನೆ. ಅವನಿಗೆ ಎರಡನ್ನೂ ಪೂರ್ತಿ ಹೇಳಿದ್ದೇನೆ.