ಸ೦ಗಮ ಮತ್ತು ಸಂಗಮ: ಪ್ರಶ್ನೆ ಬಾಟ್‌ನ ಮೂರನೆಯ ವರದಿ

ಟೆಲಿಗ್ರಾಂನಲ್ಲಿ ವಿದ್ಯಾರ್ಥಿಗಳಿಗೆ ತಾನಾಗಿಯೇ ಪ್ರಶ್ನೆ ಕಳುಹಿಸಿ ಉತ್ತರ ನೋಡುವ ನನ್ನ ಬಾಟ್ ಎಂಬ ಪ್ರೋಗ್ರಾಂನಲ್ಲಿ ಮೂರು ವಾರಗಳಿಂದ ನನ್ನನ್ನು ಕಾಡುತ್ತಿದ್ದ ದೋಷವು ಇತ್ತೀಚೆಗೆ ಒಂದು ರಾತ್ರಿ ಸುಮಾರು 1 ಗಂಟೆಗೆ ಕೈಗೆ ಸಿಕ್ಕಿತು. ಅದರ ಎಳೆ ಹಿಡಿದು ಹೋದಂತೆ ಒಂದರ ಬೆನ್ನಿಗೆ ಇನ್ನೊಂದು ದೋಷ ಅಡಗಿರುವುದು ಕಾಣಿಸಿತು. ಎಲ್ಲವನ್ನೂ ಸರಿಪಡಿಸಲು ಮತ್ತೆ 4 ರಾತ್ರಿಗಳು ಬೇಕಾದವು. ಟೆಲಿಗ್ರಾಂನಲ್ಲಿ ಹೊಸ ಬಾಟ್‌ಗಳನ್ನು ನೋಂದಾಯಿಸುವ ಬಾಟ್‌ಫಾದರ್‌ನಿಂದ ಟೋಕನ್ (ಗುಪ್ತ ಕೀಲಿ) ಪಡೆಯುವುದು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂದೇಶ ಓದಿಸುವುದು, ನಿಗದಿತ ಹೊತ್ತಿಗೆ ಪ್ರಶ್ನೆ ಕಳುಹಿಸುವುದು ಇವೆಲ್ಲ ನಿಮಗೆ ತಿಳಿದೇ ಇರುವುದರಿಂದ ಅವನ್ನು ಬಿಟ್ಟು, ಕನ್ನಡದಲ್ಲಿ ಉತ್ತರ ತೆಗೆದುಕೊಳ್ಳುವ ಬಾಟ್ ಕಟ್ಟುವ ಯಾರಿಗಾದರೂ ಎದುರಾಗಲಿರುವ ಆ ಒಂದು ತೊಡಕನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ವರದಿಗಳನ್ನು ಓದದವರಿಗಾಗಿ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಆನ್‌ಲೈನ್ ಬಿ.ಎ. ಓದುತ್ತಿರುವ 62 ವಿದ್ಯಾರ್ಥಿಗಳಿಗೆ ನಾನು ಇತಿಹಾಸ ಪಾಠ ಹೇಳುತ್ತೇನೆ. ಅವರಲ್ಲಿ ಹೆಚ್ಚಿನವರು ಹಗಲು ದುಡಿಯುವವರು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುವವರಿದ್ದಾರೆ. ವೀಡಿಯೊ ಪಾಠ ಹಾಕಿದರೆ ನೋಡುತ್ತಾರೆ, ಆದರೆ ನೋಡಿದ ಮೇಲೆ ತಿಳಿಯಿತೇ ಇಲ್ಲವೇ ಎಂದು ಕೇಳುವವರು ಯಾರೂ ಇರುವುದಿಲ್ಲ. ಆ ಕೊರತೆಯನ್ನು ತುಂಬಲೆಂದು ಪ್ರತಿ ರಾತ್ರಿ 9.30ಕ್ಕೆ ಒಂದೇ ಒಂದು ಪ್ರಶ್ನೆ ಕೇಳುವ ಟೆಲಿಗ್ರಾಂ ಬಾಟ್ ಕಟ್ಟಿದೆ. ವಾಟ್ಸ್‌ಆ್ಯಪ್ ಗುಂಪು ಮೊದಲೇ ಇದ್ದರೂ ಟೆಲಿಗ್ರಾಂ ಬೇಕೆಂದವರು ವಿದ್ಯಾರ್ಥಿನಿಯರೇ, ಏಕೆಂದರೆ ಅಲ್ಲಿ ತಮ್ಮ ಫೋನ್ ಸಂಖ್ಯೆಯನ್ನು ಗುಂಪಿನ ಉಳಿದವರಿಗೆ ಕಾಣದಂತೆ ಇಡಬಹುದು. ಉತ್ತರವೂ ಗುಂಪಿಗೆ ಹೋಗದೆ ಬಾಟ್‌ಗೆ ಖಾಸಗಿಯಾಗಿಯೇ ಹೋಗುತ್ತದೆ. ತಪ್ಪು ಬರೆದರೆ ಹತ್ತು ಮಂದಿಯ ಮುಂದೆ ನಾಚಬೇಕಾಗಿಲ್ಲ.

ಟೆಲಿಗ್ರಾಂನ ರಸಪ್ರಶ್ನೆ ಸೌಲಭ್ಯವನ್ನು ಬಿಟ್ಟು ಟೈಪ್ ಮಾಡಿದ ಉತ್ತರವನ್ನೇ ಏಕೆ ಕೇಳುತ್ತೇನೆಂದು ಹಲವರು ಕೇಳಿದ್ದರು. ನಾಲ್ಕು ಆಯ್ಕೆ ಕೊಟ್ಟರೆ ಊಹಿಸಿ ಒತ್ತಬಹುದು, ಆದರೆ ಹೆಸರನ್ನು ತಾನೇ ನೆನೆದು ಬರೆದವರಿಗೆ ಅದು ಪರೀಕ್ಷೆಯ ದಿನವೂ ನೆನಪಿರುತ್ತದೆ. ಬಟನ್‌ಗಳನ್ನೂ ಒಮ್ಮೆ ಪ್ರಯತ್ನಿಸಿದ್ದೆ. ಬಟನ್‌ನ ಹಿಂದೆ ಇಡುವ ದತ್ತಾಂಶ 64 ಬೈಟ್ ಮೀರಬಾರದು ಮತ್ತು ಕನ್ನಡದ ಪ್ರತಿಯೊಂದು ಅಕ್ಷರ, ಕಾಗುಣಿತ ಚಿಹ್ನೆ ಹಾಗೂ ಸ್ವರವಿಲ್ಲದ ವ್ಯಂಜನವನ್ನು ತೋರಿಸುವ ವಿರಾಮ (್) ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ಆದ್ದರಿಂದ 'ಮುಮ್ಮಡಿ ಕೃಷ್ಣರಾಜ ಒಡೆಯರ್' ಎಂದು ಬರೆದರೆ 21 ಸಂಕೇತಗಳಿಗೆ 63 ಬೈಟ್, ಎರಡು ಖಾಲಿ ಜಾಗಗಳಿಗೆ 2 ಬೈಟ್ ಸೇರಿ 65 ಆಗುತ್ತದೆ. ಒಂದೇ ಒಂದು ಬೈಟ್ ಹೆಚ್ಚಾದದ್ದಕ್ಕೆ ಇಡೀ ಪ್ರಶ್ನೆ ತಿರಸ್ಕೃತವಾಯಿತು. ಹೆಸರಿನ ಬದಲು ಆಯ್ಕೆಯ ಕ್ರಮಸಂಖ್ಯೆಯನ್ನು ಕಳುಹಿಸಿದರೆ ಆ ತೊಂದರೆ ತೀರುತ್ತದೆ; ಬಟನ್ ಬಳಸುವವರು ಹಾಗೆಯೇ ಮಾಡಿ.

ಮೊದಲ ವಾರ ದಿನಕ್ಕೆ ಸುಮಾರು 45 ಮಂದಿ ಉತ್ತರಿಸುತ್ತಿದ್ದರು. ಮೂರನೆಯ ವಾರ ಆ ಸಂಖ್ಯೆ 17ಕ್ಕೆ ಇಳಿಯಿತು. ಹೊಸತನ ಹೋದ ಮೇಲೆ ಆಸಕ್ತಿಯೂ ಹೋಯಿತೆಂದು ನಾನು ತಿಳಿದೆ. ಸಮಯ ಬದಲಿಸಿದೆ, ಸತತ 7 ದಿನ ಉತ್ತರಿಸಿದವರ ಹೆಸರಿನ ಮುಂದೆ ನಕ್ಷತ್ರ ಹಾಕಿದೆ, ಪ್ರಶ್ನೆಯ ಜೊತೆಗೆ ಶಾಸನದ ಚಿತ್ರಗಳನ್ನು ಸೇರಿಸಿದೆ. ಯಾವುದೂ ಫಲಿಸಲಿಲ್ಲ. ಕೊನೆಗೆ ಶಿರಸಿ ಕಡೆಯ ಒಬ್ಬ ವಿದ್ಯಾರ್ಥಿನಿ ತಮ್ಮ ಫೋನಿನ ಪರದೆಯ ಚಿತ್ರ ತೆಗೆದು ಕಳುಹಿಸಿ, "ಸರ್, ನಾನು ಸರಿಯಾಗಿಯೇ ಬರೆದಿದ್ದೇನೆ ಅಂತ ನನಗೆ ಅನ್ನಿಸುತ್ತೆ, ಆದರೆ ಎರಡು ವಾರದಿಂದ ತಪ್ಪು ಅಂತಲೇ ಬರ್ತಿದೆ. ಬೇಜಾರಾಗಿ ಬಿಟ್ಟುಬಿಟ್ಟೆ" ಎಂದು ಬರೆದರು. ಪ್ರಶ್ನೆ, ವಿಜಯನಗರವನ್ನು ಆಳಿದ ಮೊದಲ ರಾಜವಂಶ ಯಾವುದು ಎಂಬುದಾಗಿತ್ತು. ಆ ಚಿತ್ರದಲ್ಲಿ ಎರಡು ಸಾಲುಗಳಿದ್ದವು:

ನಿಮ್ಮ ಉತ್ತರ: ಸ೦ಗಮ
ಸರಿ ಉತ್ತರ: ಸಂಗಮ

ಆ ಎರಡು ಸಾಲುಗಳನ್ನು ಎಷ್ಟು ಹೊತ್ತು ನೋಡಿದರೂ ನನಗೆ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಯ ಸಾಲಿಗೆ ಬರುವ ಎರಡೂ ಪದಗಳ ಯೂನಿಕೋಡ್ ಸಂಖ್ಯೆಗಳನ್ನು (ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಚಿಹ್ನೆಯನ್ನೂ ಗುರುತಿಸುವ ಸಂಖ್ಯೆಗಳನ್ನು) ಮುದ್ರಿಸಿ ನೋಡಿದಾಗ ವಿದ್ಯಾರ್ಥಿನಿಯ ಪದ 3256, 3302, 3223, 3246 ಎಂದು ಬಂದಿತು. ಅನುಸ್ವಾರದ ಸಂಖ್ಯೆ 3202. 3302 ಎಂಬುದು ಕನ್ನಡದ ಸೊನ್ನೆ. ಅಂದರೆ ಅವರು ಅನುಸ್ವಾರದ ಜಾಗದಲ್ಲಿ ಸೊನ್ನೆಯನ್ನು ಒತ್ತಿದ್ದರು. ಕಣ್ಣಿಗೆ ಎರಡೂ ದುಂಡಗೆ ಒಂದೇ ರೀತಿ ಕಾಣುವಾಗ ಹಾಗೆ ಒತ್ತುವುದರಲ್ಲಿ ಅವರ ತಪ್ಪೇನೂ ಇಲ್ಲ. ಕೈಯಲ್ಲಿ ಬರೆಯುವಾಗ ಈ ಎರಡಕ್ಕೂ ನಾವು ಒಂದೇ ಸೊನ್ನೆಯನ್ನು ಸುತ್ತುತ್ತೇವೆ.

ಆದರೆ ನನ್ನನ್ನು ನಿಜವಾಗಿ ಬೆಚ್ಚಿಸಿದ್ದು ಸರಿ ಉತ್ತರದ ಸಾಲು. ಅಲ್ಲಿ 4 ಸಂಖ್ಯೆಗಳಿರಬೇಕಿತ್ತು. ಇದ್ದದ್ದು 3256, 3223, 3246 ಎಂಬ ಮೂರೇ. 'ಸಂಗಮ'ವು ಹೋಲಿಕೆಗೆ ಮುನ್ನ 'ಸಗಮ'ವಾಗಿತ್ತು. ಉತ್ತರದ ಕೊನೆಯಲ್ಲಿ ಬರುವ ಪೂರ್ಣವಿರಾಮ, ಪ್ರಶ್ನಾರ್ಥಕಗಳನ್ನು ತೆಗೆಯಲೆಂದು 'ಅಕ್ಷರ, ಅಂಕಿ, ಖಾಲಿ ಜಾಗ ಇವಲ್ಲದ್ದನ್ನೆಲ್ಲ ಅಳಿಸು' ಎಂಬ ಒಂದು ಸಾಲನ್ನು ನಾನು ಇಂಗ್ಲಿಷ್ ಉದಾಹರಣೆಯೊಂದರಿಂದ ತಂದು ಹಾಕಿದ್ದೆ. ಪೈಥಾನ್‌ನ ಆ ಸೌಲಭ್ಯಕ್ಕೆ ಕನ್ನಡದ ಸ್ವರಚಿಹ್ನೆಯಾಗಲಿ, ವಿರಾಮವಾಗಲಿ, ಅನುಸ್ವಾರವಾಗಲಿ ಅಕ್ಷರವಲ್ಲ. ಹೀಗಾಗಿ 'ಪುಲಿಕೇಶಿ'ಯು 'ಪಲಕಶ' ಆಗುತ್ತಿತ್ತು, 'ಹಂಪಿ'ಯೂ 'ಹಂಪೆ'ಯೂ 'ಹಪ' ಆಗುತ್ತಿದ್ದವು. 'ಹಂಪೆ' ಎಂದು ಬರೆದವರಿಗೂ ಸರಿ ಎಂದು ಬಂದದ್ದನ್ನು ನೋಡಿ ನಾನು ಮೊದಲ ವಾರ ಬಾಟ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಸಂತೋಷಪಟ್ಟಿದ್ದೆ. ಸೊನ್ನೆ ಮಾತ್ರ ಅಂಕಿಯಾದ್ದರಿಂದ ಅಳಿಯದೆ ಉಳಿದು, ಸೊನ್ನೆ ಒತ್ತುವ ಅಭ್ಯಾಸವಿದ್ದವರ ಉತ್ತರಗಳನ್ನೆಲ್ಲ ತಪ್ಪಿನ ಪಟ್ಟಿಗೆ ತಳ್ಳುತ್ತಿತ್ತು.

ಅಳಿಸುವ ಸಾಲನ್ನು ತೆಗೆದು, ಹೆಸರಿಸಿದ ಕೆಲವು ವಿರಾಮಚಿಹ್ನೆಗಳನ್ನು ಮಾತ್ರ ತೆಗೆಯುವಂತೆ ಬದಲಿಸಿದೆ. ಮರುರಾತ್ರಿ ಎರಡನೆಯ ಪುಲಿಕೇಶಿಯ ವಿಜಯಗಳನ್ನು ಹೇಳುವ 634ರ ಶಾಸನ ಎಲ್ಲಿದೆ ಎಂದು ಕೇಳಿದ್ದಕ್ಕೆ ಉತ್ತರಿಸಿದ ಎಲ್ಲರಿಗೂ ತಪ್ಪು ಎಂದು ಬಂತು. ಎಲ್ಲರೂ 'ಐಹೊಳೆ' ಎಂದೇ ಬರೆದಿದ್ದರು. ಈ ಬಾರಿ ದೋಷ ನನ್ನ ಉತ್ತರಪಟ್ಟಿಯಲ್ಲಿತ್ತು. ಹಳೆಯ ಫಾಂಟ್‌ನಲ್ಲಿದ್ದ ನನ್ನ ಟಿಪ್ಪಣಿಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದಾಗ 'ಹೊ' ಎಂಬುದರ ಒತ್ವವು ಒಂದೇ ಚಿಹ್ನೆಯಾಗಿರದೆ ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಗಳಾಗಿ ಬಂದಿತ್ತು. ಫೋನಿನ ಕೀಲಿಮಣೆ 3274 ಎಂಬ ಒಂದನ್ನೇ ಕೊಡುತ್ತದೆ. ನನ್ನ ಪಟ್ಟಿಯಲ್ಲಿ 3270 ಮತ್ತು 3266 ಇದ್ದವು. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಎರಡೂ ಕಡೆಯ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂತಹ ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ರೂಪಕ್ಕೆ, ತಂದರೆ ಇದು ಸರಿಹೋಗುತ್ತದೆ, ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಬಂಗಾಳದಲ್ಲಿ 1793ರಲ್ಲಿ ಕಾಯಂ ಜಮೀನ್ದಾರಿ ಪದ್ಧತಿ ತಂದವರ ಹೆಸರಿನಲ್ಲೂ ಹೀಗೆಯೇ ಆಯಿತು. 'ಕಾರ್ನ್‌ವಾಲಿಸ್' ಎಂದು ಬಿಡಿಸಿ ತೋರಿಸಲು ನಡುವೆ ಇರುವ ಕಣ್ಣಿಗೆ ಕಾಣದ 8204ನೆಯ ಸಂಕೇತವನ್ನು ಕೆಲವು ಕೀಲಿಮಣೆಗಳು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಹೋಲಿಸುವಾಗ ಅದನ್ನು ತೆಗೆಯಿರಿ, ಆದರೆ ತೆಗೆದ ರೂಪವನ್ನು ವಿದ್ಯಾರ್ಥಿಗೆ ಎಂದೂ ತೋರಿಸಬೇಡಿ. 'ಕಾರ್ನ್ವಾಲಿಸ್' ಎಂಬುದನ್ನೇ ಅವರು ಸರಿಯಾದ ಬರವಣಿಗೆಯೆಂದು ಕಲಿತುಬಿಡುತ್ತಾರೆ.

ಇನ್ನು ಸೊನ್ನೆಯ ವಿಷಯ. ಸೊನ್ನೆಗಳನ್ನೆಲ್ಲ ಅನುಸ್ವಾರವಾಗಿಸಿದೆ. ಆ ರಾತ್ರಿಯ ಪ್ರಶ್ನೆ, ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ವರ್ಷ ಯಾವುದು ಎಂಬುದು. '೧೬೧೦' ಎಂದು ಕನ್ನಡ ಅಂಕಿಗಳಲ್ಲಿ ಬರೆದವರ ಉತ್ತರ '೧೬೧ಂ' ಆಗಿ, ಅಷ್ಟು ಶ್ರದ್ಧೆಯಿಂದ ಕನ್ನಡ ಅಂಕಿ ಬಳಸಿದವರಿಗೇ ತಪ್ಪು ಎಂಬ ಸಂದೇಶ ಹೋಯಿತು. ಈಗ ನಿಯಮ ಹೀಗಿದೆ: ಸೊನ್ನೆಯ ಹಿಂದೆ ಅಕ್ಷರ ಅಥವಾ ಸ್ವರಚಿಹ್ನೆ ಇದ್ದರೆ ಅದು ಅನುಸ್ವಾರ, ಅಂಕಿ ಇದ್ದರೆ ಅದು ಸೊನ್ನೆ, ಅಂಕಿಯಾದ ತಕ್ಷಣ ಅನುಸ್ವಾರ ಬಂದಿದ್ದರೆ ಅದನ್ನೂ ಸೊನ್ನೆಯೆಂದೇ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ಅರ್ಕಾವತ್ತು. ಐಹೊಳೆ ಶಾಸನವನ್ನು ರಚಿಸಿದ ಕವಿಯ ಹೆಸರನ್ನು ಕೇಳಿದಾಗ 'ರವಿಕೀತಿ೯' ಎಂಬ ಉತ್ತರಗಳು ಬಂದವು. ಕೊನೆಯಲ್ಲಿರುವುದು ಕನ್ನಡದ ಒಂಬತ್ತು. ಇದರ ಮೂಲ ನಮ್ಮ ಕೈಬರಹದಲ್ಲೇ ಇದೆ. 'ರ್ತಿ' ಎಂದು ಉಚ್ಚರಿಸುವಾಗ ರಕಾರ ಮೊದಲು ಬಂದರೂ, ಬರೆಯುವಾಗ ನಾವು 'ತಿ' ಬರೆದು ಆಮೇಲೆ ಅರ್ಕಾವತ್ತು ಹಾಕುತ್ತೇವೆ. ಕನ್ನಡ ಬೆರಳಚ್ಚು ಯಂತ್ರಗಳೂ ಆ ಕ್ರಮವನ್ನೇ ಅನುಸರಿಸಿದವು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಹಿಡಿದಿದೆ. ವಿದ್ಯಾರ್ಥಿಯ ಬೆರಳು ಕೈಯ ಕ್ರಮವನ್ನು ಹಿಡಿದಿದೆ.

ನನ್ನ ಮೊದಲ ಪ್ರಯತ್ನದಲ್ಲಿ ಒಂಬತ್ತನ್ನು ತೆಗೆದು, ಅದರ ಹಿಂದಿನ ಒಂದು ಸಂಕೇತಕ್ಕೂ ಮೊದಲು 'ರ್' ಸೇರಿಸಿದೆ. 'ವಮ೯' ಎಂಬುದು ಸರಿಯಾಗಿ 'ವರ್ಮ' ಆಯಿತು. ಆದರೆ 'ತಿ೯'ಯಲ್ಲಿ ಒಂಬತ್ತಿನ ಹಿಂದಿರುವುದು 'ತ' ಅಲ್ಲ, ಗುಡಿಸು. 'ರ್' ಹೋಗಿ ತಕಾರಕ್ಕೂ ಗುಡಿಸಿಗೂ ನಡುವೆ ಸಿಕ್ಕಿಹಾಕಿಕೊಂಡಿತು. 'ಸಾಮಥ್ಯ೯' ಎಂಬಲ್ಲಿ ಅದು ಥಕಾರದ ಒತ್ತಕ್ಷರದ ಒಳಗೆ ನುಗ್ಗಿ 'ಸಾಮಥ್ರ್ಯ' ಎಂಬ ಪದವನ್ನು ಹುಟ್ಟಿಸಿತು. ಹಿಂದಿನ ಸ್ವರಚಿಹ್ನೆಯನ್ನೂ, ವಿರಾಮದಿಂದ ಕೂಡಿದ ವ್ಯಂಜನಗಳನ್ನೂ ದಾಟಿ ಅಕ್ಷರದ ಆರಂಭಕ್ಕೆ ಹೋಗಿ ಅಲ್ಲಿ 'ರ್' ಇಡಬೇಕು. ಪ್ರಾಥಮಿಕ ಶಾಲೆಯಲ್ಲಿ ಕಲಿತ ಕಾಗುಣಿತ, ಒತ್ತಕ್ಷರಗಳ ಪಾಠವನ್ನೇ ನಾನು ಯಂತ್ರಕ್ಕೆ ಸಾಲುಸಾಲಾಗಿ ಹೇಳಿಕೊಡಬೇಕಾಯಿತು, ಮತ್ತು ಆ ಕೆಲಸ ನನಗೆ ಬಹಳ ಇಷ್ಟವಾಯಿತು.

ಅದಾದ ಮೇಲೂ ಒಂದು ಏಟು ಬಿತ್ತು. ಎರಡನೆಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ ವರ್ಷವನ್ನು 'ಕ್ರಿ.ಶ.೯೭೩' ಎಂದು ಬರೆದವರೊಬ್ಬರ ಉತ್ತರದಲ್ಲಿ ಚುಕ್ಕಿಗಳು ಮೊದಲೇ ಅಳಿದುಹೋಗಿ, ಒಂಬತ್ತು ಶಕಾರಕ್ಕೆ ಅಂಟಿಕೊಂಡು, 'ಕ್ರಿರ್ಶ೭೩' ಎಂದಾಯಿತು. ಚುಕ್ಕಿ ತೆಗೆಯುವ ಹಂತವನ್ನು ಕೊನೆಗೆ ಸರಿಸಿದೆ. ಮುಂದೆ ಇನ್ನೊಂದು ಅಂಕಿ ಇದ್ದರೆ ಒಂಬತ್ತನ್ನು ಮುಟ್ಟಬಾರದೆಂಬ ನಿಯಮವನ್ನೂ ಸೇರಿಸಿದೆ. ಈಗ ಕ್ರಮ ಹೀಗಿದೆ: ಮೊದಲು ಎನ್‌ಎಫ್‌ಸಿ, ಬಳಿಕ ಕಾಣದ ಸಂಕೇತಗಳನ್ನು ತೆಗೆಯುವುದು, ಬಳಿಕ ಸೊನ್ನೆ, ಬಳಿಕ ಒಂಬತ್ತು, ಕೊನೆಯಲ್ಲಿ ವಿರಾಮಚಿಹ್ನೆಗಳು ಮತ್ತು ಅಂಕಿಗಳ ಪರಿವರ್ತನೆ. ಈ ಕ್ರಮವನ್ನು ಅದಲುಬದಲು ಮಾಡಬೇಡಿ.

ಇದರ ನಡುವೆ ಸರ್ವರ್ ಕೊಟ್ಟವರ ಕಾಟವೂ ಇತ್ತು. ಉಚಿತ ಯೋಜನೆಯಲ್ಲಿ ಸ್ವಲ್ಪ ಹೊತ್ತು ಸಂದೇಶ ಬಾರದಿದ್ದರೆ ಅವರು ಬಾಟ್ ಅನ್ನು ಮಲಗಿಸುತ್ತಾರೆ, ಎದ್ದೇಳಲು ಅದಕ್ಕೆ ಸುಮಾರು ಒಂದು ನಿಮಿಷ ಬೇಕು. ಹತ್ತು ಗಂಟೆಯ ಪಾಳಿ ಮುಗಿಸಿ ಬಂದವರು ಉತ್ತರ ಕಳುಹಿಸಿ ಒಂದು ನಿಮಿಷ ಕಾಯುವುದಿಲ್ಲ, ಕಾಯಬೇಕಾಗಿಯೂ ಇಲ್ಲ. ಬೇಸತ್ತು ಮನೆಯಲ್ಲಿದ್ದ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಬಾಟ್ ಅನ್ನು ವರ್ಗಾಯಿಸಿದರೆ, ಅಂಗಡಿಯವರು 32 ಜಿಬಿ ಎಂದು ಕೊಟ್ಟ ಮೆಮೊರಿ ಕಾರ್ಡ್ 8 ಜಿಬಿ ದಾಟುತ್ತಿದ್ದಂತೆ ಕಡತಗಳನ್ನು ಕೆಡಿಸತೊಡಗಿತು. ರಸೀದಿ ಇಲ್ಲವೆಂದು ಬದಲಾಯಿಸಿಯೂ ಕೊಡಲಿಲ್ಲ. ಕಾರ್ಡ್ ಕೊಂಡ ದಿನವೇ ಪೂರ್ತಿ ತುಂಬಿಸಿ ಪರೀಕ್ಷಿಸಿ ಎಂಬುದೊಂದೇ ನನ್ನ ಕೋರಿಕೆ.

ಮುಂದಿನ ಯೋಜನೆಯ ಆಸೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಟೈಪ್ ಮಾಡಲು ಕಷ್ಟಪಡುವವರು ಧ್ವನಿ ಸಂದೇಶದಲ್ಲಿ ಉತ್ತರ ಹೇಳುವಂತಾಗಬೇಕು. ಟೆಲಿಗ್ರಾಂ ಧ್ವನಿ ಸಂದೇಶಗಳು ಆಗ್ ಎಂಬ ಬಗೆಯ ಕಡತದಲ್ಲಿ ಓಪಸ್ ಎಂಬ ಧ್ವನಿ ರೂಪದಲ್ಲಿ ಬರುತ್ತವೆ, ಐಐಟಿ ಮದ್ರಾಸಿನ ಎಐ4ಭಾರತ್ ಗುಂಪು ಕನ್ನಡ ಮಾತನ್ನು ಗುರುತಿಸುವ ಮುಕ್ತ ಮಾದರಿಗಳನ್ನು ಬಿಡುಗಡೆ ಮಾಡಿದೆ. ಹಕಾರ ಬಿಟ್ಟು 'ಅರ್ಷವರ್ಧನ' ಎನ್ನುವವರ ಮಾತನ್ನು ಅವು ಹೇಗೆ ಬರೆದುಕೊಳ್ಳುತ್ತವೆ ಎಂಬುದನ್ನು ನೋಡಬೇಕು. ಬರಹದಲ್ಲಿ ಅಂತಹ ಉತ್ತರ ಬಂದರೆ ನಾನು ಸರಿಯೆಂದೇ ಒಪ್ಪಿ, ಕೆಳಗೆ 'ಹರ್ಷವರ್ಧನ ಎಂದು ಬರೆಯುವುದು ವಾಡಿಕೆ' ಎಂಬ ಒಂದು ಸಾಲು ಸೇರಿಸುತ್ತೇನೆ. ನಾನು ಕೇಳಿದ್ದು ಇತಿಹಾಸವನ್ನು, ಅದು ಅವರಿಗೆ ಗೊತ್ತಿದೆ.

ನಿಯಮಗಳೆಲ್ಲ ನಿಂತ ಮೇಲೆ ಹಳೆಯ ಉತ್ತರಗಳನ್ನು ಹೊಸ ಹೋಲಿಕೆಯಲ್ಲಿ ಮತ್ತೆ ಓಡಿಸಿದೆ. ತಪ್ಪೆಂದು ಹೇಳಿಸಿಕೊಂಡಿದ್ದ 118 ಉತ್ತರಗಳು ಸರಿಯಾಗಿದ್ದವು. ಶಿರಸಿಯ ಆ ವಿದ್ಯಾರ್ಥಿನಿ ಬಿಟ್ಟುಹೋಗುವ ಮುನ್ನ ಕೊಟ್ಟಿದ್ದ 11 ಉತ್ತರಗಳಲ್ಲಿ 10 ಸರಿ. ಉತ್ತರಿಸುವುದನ್ನು ನಿಲ್ಲಿಸಿದ್ದವರಲ್ಲಿ ಬಹುಪಾಲು ಜನ ಈ ಪಟ್ಟಿಯಲ್ಲಿದ್ದರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ, ಬಾಟ್‌ನಿಂದಲ್ಲದೆ ನನ್ನ ಹೆಸರಿನಲ್ಲೇ, ಯಾವ ಯಾವ ದಿನದ ಉತ್ತರ ಸರಿಯಿತ್ತು ಎಂದು ಬರೆದು ಕ್ಷಮೆ ಕೇಳಿದೆ. ಅದಕ್ಕೆ ಎರಡು ಸಂಜೆಗಳು ಹಿಡಿದವು. ನಿನ್ನೆ 39 ಮಂದಿ ಉತ್ತರಿಸಿದರು. ಶಿರಸಿಯವರ ಉತ್ತರ 10.40ಕ್ಕೆ ಬಂತು. ಅದರ ಹಿಂದೆಯೇ ಇನ್ನೊಂದು ಸಂದೇಶವೂ ಇತ್ತು: "ಸರ್, ಇವತ್ತಿನ ಪ್ರಶ್ನೆಯಲ್ಲಿ ನೀವೇ ಗ೦ಗರು ಅಂತ ಬರೆದಿದ್ದೀರಾ, ಅದು ಸೊನ್ನೆನಾ ಅನುಸ್ವಾರನಾ?" ಸಂಖ್ಯೆ ತೆಗೆದು ನೋಡಿದೆ. 3302 ಇತ್ತು. ಇಂದು ಪ್ರಶ್ನೆಪಟ್ಟಿಯನ್ನೂ ಅದೇ ನಿಯಮಗಳ ಮೂಲಕ ಹಾಯಿಸುತ್ತಿದ್ದೇನೆ.