ಹಳೇ ಪಂಚೆ, ಒಂದು ಬಲ್ಬು, ಇಳಕಲ್ ಸೀರೆ

ನಮ್ಮತ್ತಿಗೆ ಬಾಗಲಕೋಟೆ ಕಡೆಯವರು, ಊರಿಂದ ಇಳಕಲ್ ಸೀರೆ ತರಿಸಿ ವಾಟ್ಸಾಪಲ್ಲಿ ಮಾರ್ತಾರೆ, ಫೋಟೋ ತೆಗೆಯೋ ಕೆಲಸ ನಂದು. ಹೋದ ದೀಪಾವಳಿ ಟೈಮಲ್ಲಿ ಒಂದು ಸೀರೆ ವಾಪಸ್ ಬಂತು. ಫೋಟೋದಲ್ಲಿ ಇಟ್ಟಿಗೆ ಬಣ್ಣ, ಕೈಗೆ ಬಂದಿದ್ದು ಕಡುಗೆಂಪು ಸೆರಗು ಅಂತ ತಗೊಂಡೋರ ಜಗಳ. ಅತ್ತಿಗೆ ಫೋನ್ ನನ್ ಮುಂದೆ ಹಿಡಿದು "ತಮ್ಮಾ, ಸೆರಗಿನ ಬಣ್ಣ ಹಿಂಗ್ಯಾಕ ಬಂದೈತಿ?" ಅಂದ್ರು.

ನಮ್ಮನೆ ಬೆಂಗಳೂರಿನ ರಾಜಾಜಿನಗರದಲ್ಲಿ, 20x30 ಸೈಟು, ಕಿಟಕಿಯಿಂದ ಕೈ ಚಾಚಿದ್ರೆ ಪಕ್ಕದ ಮನೆ ಗೋಡೆ ಸಿಗುತ್ತೆ, ಅವರು ಅದಕ್ಕೆ ಗಿಳಿಹಸಿರು ಪೇಂಟ್ ಬೇರೆ ಹೊಡೆಸಿದ್ದಾರೆ. ಫೋಟೋಗೆ ಕಿಟಕಿ ಬೆಳಕೇ ಬೆಸ್ಟು, ಖರ್ಚಿಲ್ಲ ಅಂತಾರಲ್ಲ, ನಮ್ಮಲ್ಲಿ ಆ ಬೆಳಕು ಹಸಿರಾಗೇ ಒಳಗೆ ಬರೋದು.

ಮೊದಲು ಬಳೆ ಥರ ದುಂಡಗಿರೋ ರಿಂಗ್ ಲೈಟ್ ತಗೊಂಡೆ, ಎಲ್ಲರ ಹಾಗೆ. ಮುಖಕ್ಕೆ ಪರವಾಗಿಲ್ಲ, ಸೀರೆಗೆ ಮಾತ್ರ ದಂಡ. ಬೆಳಕು ನೇರ ಎದುರಿಂದ ಬಿದ್ರೆ ನೆರಳೇ ಇರಲ್ಲ, ನೆರಳಿಲ್ಲ ಅಂದ್ರೆ ನೇಯ್ಗೆ ಕಾಣಲ್ಲ, ಸೀರೆ ಪ್ಲಾಸ್ಟಿಕ್ ಟೇಬಲ್ ಕ್ಲಾತ್ ಥರ ಬರುತ್ತೆ.

ಆಮೇಲೆ ಗೊತ್ತಾಯ್ತು, ಸಮಸ್ಯೆ ಬೆಳಕು ಎಷ್ಟಿದೆ ಅನ್ನೋದರದ್ದಲ್ಲ, ಎಂಥದ್ದು ಅನ್ನೋದರದ್ದು. ಬಿಳಿ ಎಲ್ಇಡಿ ಬಲ್ಬಲ್ಲಿ ಒಳಗಿರೋದು ನೀಲಿ ಬೆಳಕು ಕೊಡೋ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ, ಎರಡೂ ಸೇರಿ ಕಣ್ಣಿಗೆ ಬಿಳಿ ಅನ್ಸುತ್ತೆ, ಆದ್ರೆ ಕಡುಗೆಂಪು ಅದರಲ್ಲಿ ಕಮ್ಮಿ. ಬೆಳಕಲ್ಲೇ ಇಲ್ಲದ ಕೆಂಪನ್ನ ಸೆರಗು ಎಲ್ಲಿಂದ ತೋರಿಸ್ಬೇಕು? ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋಕೆ ಸಿಆರ್‌ಐ ಅಂತ ಒಂದು ನಂಬರ್ ಇದೆ, 100ಕ್ಕೆ ಲೆಕ್ಕ. ಮಾಮೂಲಿ ಬಲ್ಬು 80ರ ಹತ್ರ ಇರುತ್ತೆ, ಫೋಟೋಗೆ 90ರ ಮೇಲಿರೋದು ಬೇಕು. ಕೆಂಪಿಗೇ ಅಂತ ಆರ್9 ಅನ್ನೋ ಲೆಕ್ಕನೂ ಇದೆ, ಡಬ್ಬದ ಮೇಲೆ ಬರೆದಿದ್ರೆ ಅದನ್ನೂ ನೋಡಿ.

ಎಲೆಕ್ಟ್ರಿಕ್ ಅಂಗಡಿಗಳಿರೋ ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋಗಿ ಸಿಆರ್‌ಐ ಕೇಳಿದ್ರೆ ಅಂಗಡಿಯೋರು "ವ್ಯಾಟ್ಸ್ ಹೇಳಿ ಸಾರ್" ಅಂತಾರೆ. ಮೂರ್ನಾಲ್ಕು ಅಂಗಡಿ ಅಲೆದೆ. ಬಲ್ಬು ಉರಿಸಿ ತೋರಿಸಿದಾಗ ಫೋನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೀರಿ, ಕೆಲವು ಚೀಪ್ ಬಲ್ಬು ಪಟಪಟ ಅಂತ ಮಿಣುಕೋದು ಕಾಣುತ್ತೆ. ನಮ್ ಕರೆಂಟು 50 ಹರ್ಟ್ಜ್, ಅಂಥ ಬಲ್ಬು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತೆ, ಫೋಟೋದಲ್ಲಿ ಅಡ್ಡಪಟ್ಟಿ ಬರೋದು ಅದಕ್ಕೇ. ಅದೇ ಬಲ್ಬಲ್ಲೇ ತೆಗೀಬೇಕಾದ್ರೆ ಶಟರ್ (ಕ್ಯಾಮೆರಾ ಬೆಳಕು ಒಳಗೆ ಬಿಡೋ ಸಮಯ) ಸೆಕೆಂಡಿನ 1/100 ಇಲ್ಲಾ 1/50 ಇಡಿ. ಇಷ್ಟೆಲ್ಲಾ ನೋಡಿ ತಂದೋನು ಹೋಲ್ಡರ್ ಮರೆತೆ ನೋಡಿ, ಬಲ್ಬು ತಿರುಪಿಂದು, ನಮ್ಮನೆ ಹೋಲ್ಡರ್ ಪಿನ್ನಿಂದು. ಮತ್ತೆ ಬಸ್ಸು, ಮತ್ತೆ ಮೆಜೆಸ್ಟಿಕ್.

ಈಗ ಬಟ್ಟೆ ಒಣಗಿಸೋ ಸ್ಟ್ಯಾಂಡಿಗೆ ಅಪ್ಪನ ಹಳೇ ಬಿಳಿ ಪಂಚೆ ಒಂದೇ ಪದರ ಇಳಿಬಿಟ್ಟು, ಅದರ ಹಿಂದೆ ಒಂದಡಿ ದೂರದಲ್ಲಿ ಬಲ್ಬು ಇಡ್ತೀನಿ (ತಾಗಿಸಬೇಡಿ, ಬಿಸಿಯಾಗುತ್ತೆ). ಪಂಚೆ ಪೂರ್ತಿ ಬೆಳಗಿದ್ರೆ ಅದೇ ದೊಡ್ಡ ಕಿಟಕಿ ಇದ್ದಂಗೆ, ನೆರಳು ಮೆತ್ತಗಾಗುತ್ತೆ. ಇದನ್ನ ಸೀರೆಯ ಪಕ್ಕಕ್ಕೆ, ಎಷ್ಟು ಆಗುತ್ತೋ ಅಷ್ಟು ಹತ್ರ ಇಡಿ, ದೂರ ಹೋದಷ್ಟೂ ಬೆಳಕೂ ಕಮ್ಮಿ, ನೆರಳೂ ಗಡುಸು. ಇನ್ನೊಂದು ಪಕ್ಕ ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಶೀಟು, ಕತ್ತಲಿರೋ ಕಡೆ ಬೆಳಕು ವಾಪಸ್ ತಳ್ಳೋಕೆ. ಕಿಟಕಿ ಮುಚ್ಚಿ, ಟ್ಯೂಬ್‌ಲೈಟು, ದೇವರ ಮನೆ ಹಳದಿ ಬಲ್ಬು ಎರಡೂ ಆರಿಸ್ಬೇಕು, ಎರಡು ಥರ ಬೆಳಕಿದ್ರೆ ಫೋನು ಬಣ್ಣ ಹೊಂದಿಸ್ಕೊಳ್ಳೋ ವೈಟ್ ಬ್ಯಾಲೆನ್ಸು ಒಂದಕ್ಕೆ ಸರಿಯಾಗಿ ಇನ್ನೊಂದಕ್ಕೆ ಕೈ ಕೊಡುತ್ತೆ. ಬಲ್ಬು, ಹೋಲ್ಡರ್, ವೈರು, ಥರ್ಮಾಕೋಲು ಎಲ್ಲಾ ಸೇರಿ ರಿಂಗ್ ಲೈಟಿಗೆ ಕೊಟ್ಟಿದ್ದರ ಅರ್ಧನೂ ಆಗ್ಲಿಲ್ಲ.

ಸೆರಗಿನ ಕೆಂಪು ಈಗ ಕೆಂಪಾಗೇ ಬರ್ತಿದೆ. ಕಪ್ಪು ಚಂದ್ರಕಾಳಿ ಸೀರೆ ಮಾತ್ರ ಬೂದಿ ಬಣ್ಣಕ್ಕೆ ತಿರುಗ್ತಿತ್ತು, ಕಪ್ಪು ಕಂಡ್ರೆ ಫೋನು ತಾನೇ ಬ್ರೈಟ್ ಮಾಡ್ಬಿಡುತ್ತಲ್ಲ. ಸ್ಕ್ರೀನ್ ಮೇಲೆ ಬೆರಳೊತ್ತಿ ಹಿಡಿದು ಕೆಳಗೆ ಎಳೆದು ಸ್ವಲ್ಪ ಡಾರ್ಕ್ ಮಾಡಿ ತೆಗೆದ್ರೆ ಆಯ್ತು.